ಕಲ್ಲು ಹುಡುಕುವವರ ಕೈಯಂತ್ರ



ಹಳೆಯ ಶಾಸನಗಳಲ್ಲಿ ದಾನದ ಭೂಮಿಗೆ ಗಡಿ ಹೇಳುವ ಕ್ರಮವೊಂದಿದೆ. ಮೂಡಲಿಗೆ ಮರ, ತೆಂಕಲಿಗೆ ಹಾಸುಬಂಡೆ, ಪಡುವಲಿಗೆ ಹಳ್ಳ, ಬಡಗಲಿಗೆ ಕೆರೆಯ ಕೋಡಿ ಎಂದು ನಾಲ್ಕು ದಿಕ್ಕಿನ ಗುರುತುಗಳನ್ನು ಹೆಸರಿಸಿದರೆ ಚತುಸ್ಸೀಮೆ ನಿಶ್ಚಯವಾದಂತೆ. ಮರ ಒಣಗದಿದ್ದರೆ, ಕೆರೆ ಬತ್ತದಿದ್ದರೆ, ಊರಿನ ಹಿರಿಯರು ಬದುಕಿದ್ದರೆ ಈ ಕ್ರಮದಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಬೆಂಗಳೂರಿನಂಥ ಊರಿನಲ್ಲಿ ಈ ಮೂರೂ ಉಳಿಯಲಿಲ್ಲ.

ಮಡಿವಾಳದ ಸೋಮೇಶ್ವರ ದೇವಾಲಯದಲ್ಲಿ ಕ್ರಿ.ಶ. 1247ರ ತಮಿಳು ಶಾಸನವೊಂದಿದೆ. ವೆಂಗಳೂರಿನ ದೊಡ್ಡ ಕೆರೆಯ ಕೆಳಗಿನ ಭೂಮಿಯನ್ನು ದಾನ ಬಿಟ್ಟ ಸಂಗತಿ ಅದರಲ್ಲಿ ಬರುತ್ತದೆ. ಅಂದಿನ ರೈತನಿಗೆ ಅಷ್ಟು ಹೇಳಿದರೆ ಸಾಕಾಗಿತ್ತು. ಇಂದು ಅದೇ ಗುಡಿಯ ಮುಂದೆ ನಿಂತು ಆ ಕೆರೆ ಯಾವುದೆಂದು ಕೇಳಿದರೆ ದಾರಿಹೋಕರು ಏನು ಹೇಳಿಯಾರು? ಬಿ.ಟಿ.ಎಂ. ಎಂಬ ಮೂರಕ್ಷರದೊಳಗೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಅಡಗಿವೆಯೆಂಬುದನ್ನೇ ಅಲ್ಲಿನ ಅನೇಕ ನಿವಾಸಿಗಳು ಮರೆತಿದ್ದಾರೆ. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದ ಮೇಲೆ ದಕ್ಷಿಣದ ಹೊಲಗದ್ದೆಗಳು ಒಂದೊಂದಾಗಿ ಬ್ಲಾಕು, ಹಂತ, ಅಡ್ಡರಸ್ತೆಗಳಾದವು.

ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 9ನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಅವರೂ ಕಲ್ಲು ಇರುವ ಜಾಗವನ್ನು ಊರು, ಗುಡಿ, ಹೊಲ, ಕೆರೆಗಳ ಹೆಸರಿನಿಂದಲೇ ಗುರುತಿಸಬೇಕಾಯಿತು. ಹೊಲ ಹೋಗಿ ಬಡಾವಣೆ ಬಂದಾಗ ಪುಸ್ತಕದ ಗುರುತು ಕುರುಡಾಯಿತು. ಎಷ್ಟೋ ಕಲ್ಲುಗಳು ಚಪ್ಪಡಿಯಾದವು, ತಳಪಾಯ ಸೇರಿದವು. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ಶಾಸನವೊಂದು ಉಳಿದುಕೊಂಡಿದ್ದರಿಂದಲೇ ಬೆಂಗಳೂರು ಎಂಬ ಹೆಸರು ಕೆಂಪೇಗೌಡರಿಗಿಂತ ಆರು ಶತಮಾನಗಳಿಗೂ ಹಿಂದಿನದು ಎಂದು ಹೇಳಲು ಆಧಾರ ಸಿಕ್ಕಿತು. ಆ ಒಂದು ಕಲ್ಲು ಕಳೆದಿದ್ದರೆ?

ಈ ಕಳವಳದಿಂದಲೇ ಉದಯಕುಮಾರ್ ಪಿ.ಎಲ್. ಮತ್ತು ಸಂಗಡಿಗರು 2017ರ ಸುಮಾರಿನಿಂದ ರೈಸ್ ಅವರ ಪಟ್ಟಿ ಹಿಡಿದು ಕಲ್ಲುಗಳನ್ನು ಹುಡುಕತೊಡಗಿದರು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸದ ವೇಳೆ ಹೊರಬಂದ ಕಿಟ್ಟಯ್ಯನ ಶಾಸನ ಸುಮಾರು ಕ್ರಿ.ಶ. 750ರದು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ ಮುಂದೆ ಈ ಕೆಲಸವನ್ನು ಕೈಗೆತ್ತಿಕೊಂಡು ಶಾಸನಗಳ ಮೂರು ಆಯಾಮದ ಪ್ರತಿ ತೆಗೆಯುತ್ತ, ಅವು ಇರುವ ಸ್ಥಳವನ್ನು ಅಕ್ಷಾಂಶ ರೇಖಾಂಶಗಳಲ್ಲಿ ದಾಖಲಿಸುತ್ತ ಬಂದಿದೆ. ಚತುಸ್ಸೀಮೆಯ ಜಾಗಕ್ಕೆ ಈಗ ಎರಡು ಸಂಖ್ಯೆಗಳು ಬಂದಿವೆ.

ಇದೇ ಎರಡು ಸಂಖ್ಯೆಗಳನ್ನು ಹಿಡಿದು ಆಡುವ ಆಟವೊಂದಿದೆ. ಅದರ ಹೆಸರು ಜಿಯೋಕ್ಯಾಶಿಂಗ್. ನಾಗರಿಕರಿಗೆ ಸಿಗುವ ಜಿ.ಪಿ.ಎಸ್. ಸಂಕೇತವನ್ನು ಅಮೆರಿಕ ಬೇಕೆಂದೇ ಕೆಡಿಸಿ ಕಳಿಸುತ್ತಿದ್ದ ಕಾಲವಿತ್ತು. ಆಗ ನೂರು ಮೀಟರಿನವರೆಗೂ ತಪ್ಪು ಬರುತ್ತಿತ್ತು. 2000ದ ಮೇ ಆರಂಭದಲ್ಲಿ ಆ ತಡೆ ತೆಗೆದಾಗ ತಪ್ಪು ಹತ್ತು ಮೀಟರಿನ ಆಸುಪಾಸಿಗೆ ಇಳಿಯಿತು. ಮರುದಿನವೇ, ಮೇ 3ರಂದು, ಡೇವ್ ಉಲ್ಮರ್ ಎಂಬಾತ ಆರೆಗಾನ್ ರಾಜ್ಯದ ಕಾಡಂಚಿನಲ್ಲಿ ಒಂದು ಬಕೆಟ್ ಅಡಗಿಸಿ ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದ. ಹುಡುಕಿದವನು ಹೆಸರು ಬರೆದು ಬರಬೇಕು, ಅಷ್ಟೆ ಆಟ. ಡಬ್ಬಿ ಹುಡುಕುವವನಿಗೂ ಶಾಸನ ಹುಡುಕುವವನಿಗೂ ಬೇಕಾದ ಯಂತ್ರ ಒಂದೇ. ಅದನ್ನು ಆರಿಸುವುದು ಹೇಗೆ?

ಮೊದಲು ಕೇಳಿಕೊಳ್ಳಬೇಕಾದದ್ದು, ಬೇರೆ ಯಂತ್ರ ಬೇಕೇ ಎಂದು. ಜೇಬಿನಲ್ಲಿರುವ ಮೊಬೈಲಿನಲ್ಲೂ ಉಪಗ್ರಹ ಸಂಕೇತ ಹಿಡಿಯುವ ಚಿಪ್ಪು ಇದೆ. ಅದಕ್ಕೆ ಇಂಟರ್‌ನೆಟ್ ಬೇಕಿಲ್ಲ, ನಕ್ಷೆಗೆ ಮಾತ್ರ ಬೇಕು. ಜಯನಗರ, ಜೆ.ಪಿ. ನಗರಗಳ ಬೀದಿಯಲ್ಲಿ ಕಲ್ಲು ಹುಡುಕುವವರಿಗೆ ಮೊಬೈಲ್ ಸಾಕು. ತುರಹಳ್ಳಿ ಕಾಡಿನ ಅಂಚು, ಸಾವನದುರ್ಗದ ಬಂಡೆ ಎಂದು ಇಡೀ ದಿನ ಬಿಸಿಲು ಮಳೆಯಲ್ಲಿ ತಿರುಗುವವರಿಗೆ ಕೈಯಂತ್ರ ಉಪಯೋಗಕ್ಕೆ ಬರುತ್ತದೆ. ಅದರ ಪರದೆ ಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಗುಂಡಿಗಳನ್ನು ಒದ್ದೆ ಕೈಯಲ್ಲೂ ಒತ್ತಬಹುದು. ಗಾರ್ಮಿನ್ ಕಂಪನಿಯ ಇಟ್ರೆಕ್ಸ್ ಮಾಲೆಯ ಬಹುತೇಕ ಯಂತ್ರಗಳು ಎರಡು ಸಾಮಾನ್ಯ ಪೆನ್‌ಸೆಲ್‌ಗಳಿಂದ ನಡೆಯುತ್ತವೆ. ಸೆಲ್ ಮುಗಿದರೆ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ.

ಎರಡನೆಯದು ಸಂಕೇತ ಹಿಡಿಯುವ ಶಕ್ತಿ. ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹಗಳಿಂದ ಸಂಕೇತ ಬಂದು ಸೇರಿದ ಸಮಯವನ್ನು ಅಳೆದು ಯಂತ್ರ ತನ್ನ ಜಾಗ ಲೆಕ್ಕ ಹಾಕುತ್ತದೆ. ಇದಕ್ಕೆ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಎತ್ತರದ ಕಟ್ಟಡಗಳ ನಡುವಿನ ಗಲ್ಲಿಯಲ್ಲಿ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುವುದರಿಂದ ಯಂತ್ರ ಪಕ್ಕದ ಬೀದಿಯನ್ನು ತೋರಿಸೀತು. ಎರಡು ಕಂಪನಾಂಕಗಳನ್ನು ಹಿಡಿಯುವ ಯಂತ್ರಗಳಲ್ಲಿ ಈ ತಪ್ಪು ಕಡಿಮೆ. ಜಿ.ಪಿ.ಎಸ್. ಜೊತೆಗೆ ರಷ್ಯದ ಗ್ಲೋನಾಸ್, ಯೂರೋಪಿನ ಗೆಲಿಲಿಯೊಗಳನ್ನೂ ಬಳಸುವಂತಿದ್ದರೆ ಇನ್ನೂ ಒಳ್ಳೆಯದು.

ಭಾರತದ ನಾವಿಕ್ ಇದೆಯಲ್ಲ ಎಂದು ಕೇಳಬಹುದು. ಅದರ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದರ ಕೇಂದ್ರಗಳಲ್ಲೊಂದು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲೇ ಇದೆ. ಆದರೆ ಮೊದಲ ಪೀಳಿಗೆಯ ಹಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟವು. 2023ರ ಮೇ 29ರಂದು ಸ್ವದೇಶಿ ಗಡಿಯಾರ ಹೊತ್ತ ಹೊಸ ಪೀಳಿಗೆಯ ಉಪಗ್ರಹ ಹಾರಿತು. 2025ರ ಜನವರಿಯಲ್ಲಿ ಹಾರಿದ ಇನ್ನೊಂದು ಉದ್ದೇಶಿತ ಕಕ್ಷೆ ಸೇರಲಿಲ್ಲ. ನಾವಿಕ್ ಜೊತೆಗಿದ್ದರೆ ಲಾಭವೇ. ಅದೊಂದನ್ನೇ ನೆಚ್ಚಿ ಯಂತ್ರ ಕೊಳ್ಳುವುದು ಸದ್ಯಕ್ಕೆ ಜಾಣತನವಲ್ಲ.

ಮೂರನೆಯದು ಸಂಖ್ಯೆಗಳನ್ನು ಬರೆಯುವ ರೀತಿ. ಹುಡುಕಾಟ ಕೆಡುವುದು ಯಂತ್ರದ ದೋಷಕ್ಕಿಂತ ಹೆಚ್ಚಾಗಿ ಇಲ್ಲಿಯೇ. 12 ಡಿಗ್ರಿ 56 ನಿಮಿಷ ಎಂಬ ಅಕ್ಷಾಂಶವನ್ನು 12.56 ಡಿಗ್ರಿ ಎಂದು ಒತ್ತಿದರೆ ಜಯನಗರದಲ್ಲಿರಬೇಕಾದವರು ನಲವತ್ತು ಕಿಲೋಮೀಟರ್ ದಕ್ಷಿಣಕ್ಕೆ, ಹೆಚ್ಚುಕಡಿಮೆ ಕನಕಪುರದ ಸಾಲಿಗೆ ಹೋಗುತ್ತಾರೆ. ಡಿಗ್ರಿಯ ದಶಮಾಂಶದಲ್ಲಿ ನಾಲ್ಕನೆಯ ಸ್ಥಾನ ಸುಮಾರು 11 ಮೀಟರ್, ಐದನೆಯದು ಒಂದು ಮೀಟರಿನಷ್ಟು. ಆದ್ದರಿಂದ ಐದು ಸ್ಥಾನ ಬರೆದುಕೊಂಡರೆ ಸಾಕು, ಎಂಟು ಬರೆದರೂ ನಿಖರತೆ ಹೆಚ್ಚದು.

ಹಳೆಯ ಸರ್ವೆ ನಕ್ಷೆ ಬಳಸುವವರಿಗೆ ಇನ್ನೊಂದು ಎಚ್ಚರಿಕೆ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಉಕ್ಕಿನ ಸರಪಳಿ ಹಿಡಿದು ಆಧಾರರೇಖೆಯೊಂದನ್ನು ಅಳೆದದ್ದು ಬೆಂಗಳೂರಿನ ಬಳಿಯಲ್ಲಿ. ಆತ ಆರಂಭಿಸಿದ ಮೋಜಣಿಯನ್ನು ಮುಂದುವರಿಸಿದ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರಕ್ಕೆ ಒಂದು ಲೆಕ್ಕ ಕೊಟ್ಟ. ಹಳೆಯ ನಕ್ಷೆಗಳು ಆ ಲೆಕ್ಕದವು, ಇಂದಿನ ಯಂತ್ರಗಳದು ಬೇರೆ ಲೆಕ್ಕ. ಎರಡನ್ನೂ ಬೆರೆಸಿದರೆ ಬೆಂಗಳೂರಿನಲ್ಲಿ ನೂರು ಮೀಟರಿಗೂ ಹೆಚ್ಚು ವ್ಯತ್ಯಾಸ ಬೀಳುತ್ತದೆ. ಬೇಕಾದ ಲೆಕ್ಕ ಆರಿಸಿಕೊಳ್ಳುವ ಸೌಕರ್ಯ ಯಂತ್ರದಲ್ಲಿರಬೇಕು.

ದಿಕ್ಸೂಚಿಯನ್ನೂ ಗಮನಿಸಬೇಕು. ಅಗ್ಗದ ಯಂತ್ರಗಳಿಗೆ ನಡೆಯುತ್ತಿದ್ದಾಗ ಮಾತ್ರ ದಿಕ್ಕು ತಿಳಿಯುತ್ತದೆ, ನಿಂತರೆ ಮುಳ್ಳು ಅಲೆದಾಡುತ್ತದೆ. ಕೊಳ್ಳುವ ಮೊದಲು ಪರಿಚಯದವರ ಯಂತ್ರ ಪಡೆದು ಲಾಲ್‌ಬಾಗಿನ ಬಂಡೆಯ ಮೇಲಿನ ಕೆಂಪೇಗೌಡ ಗೋಪುರದ ಬಳಿ ಮೂರು ಬೇರೆ ಬೇರೆ ದಿನ ನಿಂತು ಸಂಖ್ಯೆ ಬರೆದುಕೊಳ್ಳಿ. ಮೂರೂ ಎಷ್ಟು ಹತ್ತಿರ ಬಂದವೆಂಬುದು ಜಾಹೀರಾತಿಗಿಂತ ಹೆಚ್ಚು ಹೇಳುತ್ತದೆ.

ಕಾನೂನಿನ ಮಾತೂ ಇದೆ. ಸಂಕೇತವನ್ನು ಪಡೆಯುವ ಯಂತ್ರಕ್ಕೆ ತೊಂದರೆಯಿಲ್ಲ. ಆದರೆ ಇನ್‌ರೀಚ್‌ನಂತೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರವನ್ನು ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ವಿದೇಶದಲ್ಲಿರುವ ಮಕ್ಕಳು ಉಡುಗೊರೆ ತರುವಾಗ ಇದನ್ನು ಮೊದಲೇ ತಿಳಿಸಬೇಕು.

ಕೊನೆಗೆ ನಡವಳಿಕೆಯ ಪ್ರಶ್ನೆ. ಶಾಸನದ ಕಲ್ಲಿನ ಬುಡದಲ್ಲಿ ಡಬ್ಬಿ ಹೂಳುವುದು, ನೆಲ ಅಗೆಯುವುದು, ಅಕ್ಷರಕ್ಕೆ ಸುಣ್ಣ ಬಳಿಯುವುದು ಸಲ್ಲದು. ಡಬ್ಬಿಯಿಲ್ಲದೆ, ಸ್ಥಳ ನೋಡಿ ಪ್ರಶ್ನೆಗೆ ಉತ್ತರಿಸುವ ಬಗೆಯೂ ಆ ಆಟದಲ್ಲಿದೆ. ಹಳೆಯ ಊರಿಗೆ ಅದೇ ತಕ್ಕದ್ದು.

ಅಕ್ಷಾಂಶ ರೇಖಾಂಶಗಳು ಕಲ್ಲು ಎಲ್ಲಿತ್ತೆಂದು ಹೇಳಬಲ್ಲವು, ಬುಲ್ಡೋಜರನ್ನು ತಡೆಯಲಾರವು. ಬನಶಂಕರಿಯ ಯಾವುದೋ ಅಡ್ಡರಸ್ತೆಯಲ್ಲಿ ಅರ್ಧ ಹೂತ ಕಲ್ಲೊಂದು ಕಂಡರೆ, ಅದರ ಸ್ಥಳವನ್ನು ಐದು ದಶಮಾಂಶಗಳಲ್ಲಿ ಬರೆದುಕೊಂಡು ಚಿತ್ರ ತೆಗೆದು ತಿಳಿದವರಿಗೆ ಮುಟ್ಟಿಸಿ. ಪಕ್ಕದ ಮನೆಯ ಬಾಗಿಲು ತಟ್ಟಿ ಅದೇನೆಂದು ಅವರಿಗೂ ಹೇಳಿ. ನಾಳೆ ಚರಂಡಿ ತೋಡಲು ಬಂದವರಿಗೆ ಅಡ್ಡ ನಿಂತು ಕೇಳುವವರು ಅವರೇ.