ನಡೆದಾಡುವವರ ದಾರಿ, ಉಳಿದುಕೊಂಡ ಕಾಡು

(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಡಿನ ಉಳಿವಿನ ಕುರಿತು ಸೇರಿದಾಗಲೆಲ್ಲ ನಾವು ಅಣೆಕಟ್ಟು, ಗಣಿ, ಹೆದ್ದಾರಿಗಳ ವಿಚಾರವನ್ನೇ ಎತ್ತಿಕೊಳ್ಳುತ್ತೇವೆ. ಇಂದು ನಾನು ಆರಿಸಿಕೊಂಡಿರುವ ವಿಷಯ ಮೇಲ್ನೋಟಕ್ಕೆ ತೀರ ಹಗುರವಾದದ್ದು. ಇಂಗ್ಲೆಂಡಿನ ಜನ ರಜೆಯ ದಿನ ಕೈಗೊಳ್ಳುವ ಸುಲಭದ ಕಾಲ್ನಡಿಗೆ ಅದು. ಮಕ್ಕಳೂ ಮುದುಕರೂ ನಡೆಯಬಲ್ಲ ಇಂತಹ ದಾರಿಗಳು ಹಳೆಯ ಶ್ರೀಮಂತರ ಉದ್ಯಾನಗಳ ನಡುವೆ, ವಿಚಿತ್ರ ಗೋಪುರಗಳ ಪಕ್ಕದಲ್ಲಿ ಹಾದುಹೋಗುತ್ತವೆ. ಈ ವಿಹಾರದ ಹಿಂದೆ ಭೂಮಿ ಕಳೆದುಕೊಂಡವರ ಕಥೆಯಿದೆ, ಕಾಡು ಉಳಿಸಿಕೊಂಡವರ ಕಥೆಯೂ ಇದೆ. ಅವೆರಡೂ ನಮಗೆ ಸಂಬಂಧಿಸಿದವು ಎಂಬುದು ನನ್ನ ನಂಬಿಕೆ.

ಮೊದಲಿಗೆ ಆ ಗೋಪುರಗಳ ವಿಚಾರ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಜಮೀನ್ದಾರರಿಗೆ ತಮ್ಮ ಬಂಗಲೆಯ ಕಿಟಕಿಯಿಂದ ಕಾಣುವ ನೋಟವೆಲ್ಲ ಒಂದು ಚಿತ್ರದಂತಿರಬೇಕೆಂಬ ಹಂಬಲವಿತ್ತು. ಅದಕ್ಕಾಗಿ ಕೆರೆ ತೋಡಿಸಿದರು, ದಿಬ್ಬ ಎಬ್ಬಿಸಿದರು, ಕಣ್ಣು ನಿಲ್ಲುವ ಕಡೆ ಒಂದು ಗ್ರೀಕ್ ದೇಗುಲವನ್ನೋ, ಹುಟ್ಟಿನಿಂದಲೇ ಪಾಳಾದ ಕೋಟೆಯನ್ನೋ ಕಟ್ಟಿಸಿದರು. ವಾಸಕ್ಕೂ ಪೂಜೆಗೂ ಕಾವಲಿಗೂ ಒದಗದ ಈ ಕಟ್ಟಡಗಳನ್ನು ಇಂಗ್ಲಿಷಿನಲ್ಲಿ 'ಫಾಲಿ' ಎನ್ನುತ್ತಾರೆ. ಆ ಪದದ ಅರ್ಥವೇ ಮೂರ್ಖತನ. ಬಕಿಂಗ್‌ಹ್ಯಾಮ್‌ಶೈರಿನ ಸ್ಟೋ ಉದ್ಯಾನವೊಂದರಲ್ಲೇ ಇಂತಹ ದೇಗುಲ ಮತ್ತು ಸ್ಮಾರಕಗಳು ನಲವತ್ತಕ್ಕೂ ಹೆಚ್ಚಿವೆ. ಹುಲ್ಲುಗಾವಲಿನಲ್ಲಿ ಮೇಯುವ ದನಕುರಿಗಳು ಬಂಗಲೆಯ ಬಳಿ ಬರಬಾರದು, ಆದರೆ ಬೇಲಿಯೂ ಕಣ್ಣಿಗೆ ಬೀಳಬಾರದು ಎಂದು ಅವರು ತೋಡಿಸಿದ್ದು ನಮಗೆ ಪರಿಚಿತವಾದ ಅಗಳವನ್ನೇ. ಒಂದು ಬದಿಗೆ ನೆಟ್ಟನೆಯ ಗೋಡೆ, ಇನ್ನೊಂದು ಬದಿಗೆ ಇಳಿಜಾರು. ದೂರದಿಂದ ನೋಡಿದರೆ ನೆಲ ಅಖಂಡವಾಗಿ ಕಾಣುತ್ತದೆ.

ಆದರೆ ನೆಲ ಅಖಂಡವಾಗಿರಲಿಲ್ಲ. ಸ್ಟೋ ಉದ್ಯಾನದ ಮರಗಳ ನಡುವೆ ಒಂದು ಹಳೆಯ ಚರ್ಚು ಮಾತ್ರ ಒಂಟಿಯಾಗಿ ನಿಂತಿದೆ. ಅದರ ಸುತ್ತಲಿದ್ದ ಹಳ್ಳಿ ಉದ್ಯಾನದ ವಿಸ್ತರಣೆಯಲ್ಲಿ ಕಾಣೆಯಾಯಿತು. ಡಾರ್ಸೆಟ್‌ನ ಮಿಲ್ಟನ್‌ ಎಂಬ ಊರನ್ನು, ಬಂಗಲೆಯ ನೋಟಕ್ಕೆ ಅಡ್ಡಿಯೆಂದು, ಅದರ ಒಡೆಯ ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಕೆಡವಿಸಿ ಕಣ್ಮರೆಯ ಕಣಿವೆಯೊಂದರಲ್ಲಿ ಹೊಸ ಊರು ಕಟ್ಟಿಸಿದ. ಇವು ಬಿಡಿ ಘಟನೆಗಳಲ್ಲ. 1604ರಿಂದ 1914ರವರೆಗೆ ಇಂಗ್ಲೆಂಡಿನಲ್ಲಿ 5,200ಕ್ಕೂ ಹೆಚ್ಚು ಶಾಸನಗಳ ಮೂಲಕ ಸುಮಾರು 68 ಲಕ್ಷ ಎಕರೆ ನೆಲಕ್ಕೆ ಬೇಲಿ ಬಿತ್ತು. ದನ ಮೇಯಿಸುವ, ಸೌದೆ ಆಯುವ, ಹಾದು ಹೋಗುವ ಹಕ್ಕುಗಳನ್ನು ಊರವರು ಹೀಗೆ ಕಾನೂನಿನ ಕೈಯಿಂದಲೇ ಕಳೆದುಕೊಂಡರು. ಇಂದಿನ ವಿಹಾರಿಯು ಮೆಚ್ಚಿ ನಿಲ್ಲುವ ಪ್ರಶಾಂತ ಹಸಿರಿನ ಅಡಿಯಲ್ಲಿ ಎಷ್ಟೋ ಕಡೆ ಒಂದು ಹಳ್ಳಿಯ ಜಗುಲಿ ಹೂತುಹೋಗಿದೆ ಎಂಬುದನ್ನು ಮರೆಯಲಾಗದು.

ಇನ್ನು ಒಂದು ನಿರ್ದಿಷ್ಟ ದಾರಿಗೆ ಬರೋಣ. ಲಂಡನ್ನಿನ ಸುತ್ತ 'ಕ್ಯಾಪಿಟಲ್ ರಿಂಗ್' ಎಂಬ 78 ಮೈಲಿಗಳ ಕಾಲ್ದಾರಿಯಿದೆ. ಅದರ 15 ಭಾಗಗಳಲ್ಲಿ ಮೊದಲನೆಯದು ಥೇಮ್ಸ್ ನದಿಯ ದಂಡೆಯ ವುಲಿಚ್‌ನಿಂದ ಹೊರಟು ಫಾಲ್ಕನ್‌ವುಡ್ ರೈಲು ನಿಲ್ದಾಣದ ಬಳಿ ಮುಗಿಯುತ್ತದೆ. ಸುಮಾರು ಏಳು ಮೈಲಿ. ಹಿಂದೆ ಮರಳು ತೆಗೆಯುತ್ತಿದ್ದ ಹಳ್ಳದಲ್ಲಿ ರೂಪುಗೊಂಡ ಮೇರಿಯನ್ ಪಾರ್ಕ್, ಆಮೇಲೆ ಚಾರ್ಲ್ಟನ್ ಪಾರ್ಕ್, ಎರಡು ಗೋಮಾಳಗಳು; ಅನಂತರ ದಾರಿ ಮೆಲ್ಲನೆ ಶೂಟರ್ಸ್ ಹಿಲ್ ಎಂಬ ಗುಡ್ಡವನ್ನೇರುತ್ತದೆ. ಗುಡ್ಡದ ಎತ್ತರ ಸಮುದ್ರಮಟ್ಟದಿಂದ 130 ಮೀಟರಿನಷ್ಟು ಮಾತ್ರ. ನಮ್ಮ ಘಟ್ಟದವರ ಕಣ್ಣಿಗೆ ಅದೊಂದು ದಿಬ್ಬ. ಆದರೂ ಲಂಡನ್ನಿನ ಮಟ್ಟಿಗೆ ಅದು ಅತಿ ಎತ್ತರದ ಜಾಗಗಳಲ್ಲೊಂದು.

ಆ ಗುಡ್ಡದ ಮೇಲೆ, ಮರಗಳ ನಡುವೆ, ಮೂರು ಮೂಲೆಯ ಇಟ್ಟಿಗೆಯ ಗೋಪುರವೊಂದಿದೆ. ಎತ್ತರ 63 ಅಡಿ. ಹೆಸರು 'ಸೆವೆರ್ನ್‌ಡ್ರೂಗ್ ಕ್ಯಾಸಲ್'. ಈ ಹೆಸರನ್ನು ಎರಡು ಸಲ ಉಚ್ಚರಿಸಿದರೆ ನಮ್ಮ ಕಿವಿಗೆ ಅದು ಹತ್ತಿರದ್ದೆನಿಸುತ್ತದೆ: ಸುವರ್ಣದುರ್ಗ! ಕೊಂಕಣ ಕರಾವಳಿಯ ಹರ್ಣೈ ಬಳಿ, ಕಡಲಿನ ನಡುಗಡ್ಡೆಯಲ್ಲಿರುವ ಮರಾಠರ ಕೋಟೆಯದು. 1755ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕಾಧಿಕಾರಿ ವಿಲಿಯಂ ಜೇಮ್ಸ್ ಅದನ್ನು ತುಳಾಜಿ ಆಂಗ್ರೆಯಿಂದ ವಶಪಡಿಸಿಕೊಂಡ. ಪೇಶ್ವೆಯೂ ಆಗ ಕಂಪನಿಯ ಜೊತೆಗಿದ್ದ. ಜೇಮ್ಸ್ ಊರಿಗೆ ಮರಳಿ ಧನಿಕನಾಗಿ, ಕಂಪನಿಯ ಆಡಳಿತದಲ್ಲಿ ಮೇಲೇರಿ, 1783ರಲ್ಲಿ ತೀರಿಕೊಂಡ. ಅವನ ನೆನಪಿಗೆ ಪತ್ನಿ 1784ರಲ್ಲಿ ಈ ಗೋಪುರ ಕಟ್ಟಿಸಿದಳು. ಮುಂದೆ ಜನರಲ್ ವಿಲಿಯಂ ರಾಯ್ ಗ್ರೀನಿಚ್ ಮತ್ತು ಪ್ಯಾರಿಸ್ಸಿನ ವೀಕ್ಷಣಾಲಯಗಳ ನಡುವಿನ ಅಂತರ ಅಳೆಯುವಾಗ ಇದೇ ಗೋಪುರವನ್ನು ಬಳಸಿಕೊಂಡ. ಅದೇ ಬಗೆಯ ತ್ರಿಕೋನ ಅಳತೆಯನ್ನು 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆ ಹಾಕಿ ಮೈಸೂರು ಸೀಮೆಗೆ ತಂದ. ಪಶ್ಚಿಮ ಕರಾವಳಿಯ ಕೋಟೆಯೊಂದು ಲಂಡನ್ನಿನ ಕಾಡಿನಲ್ಲಿ ಅಲಂಕಾರವಾಗಿ ನಿಂತಿದೆ. ನಮ್ಮ ನೆಲದ ಅಳತೆ ಪಟ್ಟಿಗೂ ಆ ಅಲಂಕಾರಕ್ಕೂ ಹೀಗೊಂದು ನಂಟಿದೆ.

ಗೋಪುರ ದಾಟಿ ಮುಂದೆ ಹೋದರೆ ಆಕ್ಸ್‌ಲೀಸ್ ಕಾಡು. 1600ನೆಯ ಇಸವಿಯಿಂದ ಎಡೆಬಿಡದೆ ಕಾಡಾಗಿಯೇ ಉಳಿದಿರುವುದನ್ನು ಇಂಗ್ಲೆಂಡಿನಲ್ಲಿ 'ಪ್ರಾಚೀನ ಕಾಡು' ಎನ್ನುತ್ತಾರೆ. ಇದು ಅಂಥದ್ದು. ಓಕ್, ಬರ್ಚ್, ಹಾರ್ನ್‌ಬೀಮ್ ಮರಗಳು, ನಡುವೆ ಅಪರೂಪದ ವೈಲ್ಡ್ ಸರ್ವಿಸ್ ಮರ. ಬುಡ ಉಳಿಸಿ ಕಡಿದು, ಚಿಗುರಿ ಬಲಿತ ಮೇಲೆ ಮತ್ತೆ ಕಡಿಯುವ ಹಳೆಯ ಪದ್ಧತಿಯ ಗುರುತುಗಳು ಇಲ್ಲಿನ ಬೊಡ್ಡೆಗಳ ಮೇಲಿವೆ. ಸೊಪ್ಪಿನಬೆಟ್ಟ ಬಲ್ಲವರಿಗೆ ಇದರ ವಿವರಣೆ ಬೇಕಿಲ್ಲ. ಬಳಕೆಯಲ್ಲಿದ್ದುಕೊಂಡೇ ಉಳಿದ ಕಾಡು ಇದು. 1934ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. 1984ರಲ್ಲಿ ವಿಶೇಷ ವೈಜ್ಞಾನಿಕ ಮಹತ್ವದ ತಾಣವೆಂದು ಘೋಷಿತವಾಯಿತು.

ಆ ಘೋಷಣೆ ಕಾಡನ್ನು ಕಾಯಲಿಲ್ಲ ಎಂಬುದನ್ನು ಗಮನಿಸಬೇಕು. ಥೇಮ್ಸ್ ನದಿಗೆ ಪೂರ್ವ ಲಂಡನ್ನಿನಲ್ಲಿ ಹೊಸ ಸೇತುವೆ ಕಟ್ಟಿ, ಅದಕ್ಕೆ ಸೇರುವ ಹೆದ್ದಾರಿಯನ್ನು ಈ ಕಾಡಿನ ಎದೆಯ ಮೇಲೆ ಹಾಯಿಸುವ ಯೋಜನೆ ಆಗಲೇ ಸಿದ್ಧವಾಗಿತ್ತು. 1985–86ರಲ್ಲಿ ದೀರ್ಘವಾದ ಸಾರ್ವಜನಿಕ ವಿಚಾರಣೆ ನಡೆಯಿತು. ಸರ್ಕಾರ ರಸ್ತೆಗೇ ಒಪ್ಪಿತು. ಪರಿಸರ ಪರಿಣಾಮದ ಅಧ್ಯಯನ ಸರಿಯಾಗಿ ನಡೆದಿಲ್ಲವೆಂದು 1991ರಲ್ಲಿ ಯುರೋಪಿಯನ್ ಆಯೋಗ ಆಕ್ಷೇಪವೆತ್ತಿತು. ಒಂಬತ್ತು ಮಂದಿ ಸ್ಥಳೀಯರು ನ್ಯಾಯಾಲಯಕ್ಕೆ ಹೋಗಿ ಸೋತರು. ಆಗ ಸಾವಿರಾರು ಜನ, ಯಂತ್ರಗಳು ಬಂದರೆ ಅವುಗಳಿಗೆ ಅಡ್ಡ ನಿಲ್ಲುತ್ತೇವೆಂದು ಸಹಿ ಹಾಕಿದರು. 1993ರ ಜುಲೈಯಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಒಂದು ಮರವೂ ಬೀಳುವ ಮೊದಲೇ ಗೆಲುವು ಬಂತು.

ಸಹಿ ಹಾಕಿದ ಆ ಜನರು ಎಲ್ಲಿಂದ ಬಂದರು? ಆ ಕಾಡು ನಗರದ ಅಂಚಿನ ಸಾಮಾನ್ಯರ ನಿತ್ಯದ ನಡಿಗೆಯ ದಾರಿಯಾಗಿತ್ತು. ನಾಯಿಯೊಡನೆ ಬೆಳಿಗ್ಗೆ ಸುತ್ತುವವರು, ವಸಂತದಲ್ಲಿ ಮಕ್ಕಳಿಗೆ ಹೂ ತೋರಿಸಲು ಕರೆತರುವವರು ಎಲ್ಲರಿಗೂ ಅದರ ತಿರುವುಗಳು ತಿಳಿದಿದ್ದವು. ತಾನು ಹೆಜ್ಜೆಯಿಟ್ಟ ಕಾಡಿಗಾಗಿ ಮನುಷ್ಯ ಎದ್ದು ನಿಲ್ಲುವಷ್ಟು ಸುಲಭವಾಗಿ, ನಕ್ಷೆಯಲ್ಲಿ ಮಾತ್ರ ಕಂಡ ಕಾಡಿಗಾಗಿ ನಿಲ್ಲಲಾರ. ಗೋಪುರದ ವಿಷಯದಲ್ಲೂ ಹೀಗೆಯೇ ಆಯಿತು. 1980ರ ದಶಕದಲ್ಲಿ ಅದರ ಬಾಗಿಲು ಮುಚ್ಚಿತು. 2000ದ ದಶಕದ ಆರಂಭದಲ್ಲಿ ಅದನ್ನು ಕಚೇರಿಗೆಂದು ಖಾಸಗಿಯವರಿಗೆ ಕೊಡುವ ಪ್ರಸ್ತಾಪ ಬಂದಾಗ ಸುತ್ತಲಿನವರು ಒಟ್ಟಾಗಿ ಟ್ರಸ್ಟ್ ರಚಿಸಿಕೊಂಡರು. 2014ರಲ್ಲಿ ದುರಸ್ತಿಯಾಗಿ ಅದು ಮತ್ತೆ ಜನರಿಗೆ ತೆರೆಯಿತು.

ಕೊನೆಯದಾಗಿ ಕಾನೂನಿನ ಮಾತು. ಅಲ್ಲಿನ ನಡೆದಾಡುವವರಿಗೆ ಹಕ್ಕು ದಾನವಾಗಿ ಬಂದದ್ದಲ್ಲ. 1932ರ ಏಪ್ರಿಲ್ 24ರಂದು ನೂರಾರು ಕಾರ್ಮಿಕರು ಡರ್ಬಿಶೈರಿನ ಕಿಂಡರ್ ಸ್ಕೌಟ್ ಎಂಬ ನಿಷಿದ್ಧ ಗುಡ್ಡವನ್ನು ಸಾಮೂಹಿಕವಾಗಿ ಏರಿದರು. ಐವರು ಜೈಲಿಗೆ ಹೋದರು. 1949ರ ಕಾಯ್ದೆಯ ಪ್ರಕಾರ ಪ್ರತಿ ಸೀಮೆಯೂ ತನ್ನ ಸಾರ್ವಜನಿಕ ಕಾಲ್ದಾರಿಗಳನ್ನು ಅಧಿಕೃತ ನಕ್ಷೆಯಲ್ಲಿ ಗುರುತಿಸಬೇಕಾಯಿತು. 1980ರ ಹೆದ್ದಾರಿ ಕಾಯ್ದೆಯಲ್ಲಿ ಇನ್ನೊಂದು ಸೊಗಸಾದ ನಿಯಮವಿದೆ. ಖಾಸಗಿ ನೆಲದ ದಾರಿಯೊಂದನ್ನು ಜನ ಯಾರ ಅಪ್ಪಣೆಯನ್ನೂ ಕೇಳದೆ, ಬಚ್ಚಿಟ್ಟುಕೊಳ್ಳದೆ, ತಡೆಯಿಲ್ಲದೆ 20 ವರ್ಷ ಬಳಸಿದ್ದರೆ, ಒಡೆಯ ತನ್ನ ವಿರೋಧವನ್ನು ಮೊದಲೇ ತೋರಿಸಿರದಿದ್ದಲ್ಲಿ, ಅದು ಸಾರ್ವಜನಿಕ ದಾರಿಯೆಂದೇ ಭಾವಿಸಬೇಕು. ನಡೆಯುವುದೇ ಅಲ್ಲಿ ಪುರಾವೆ. 2000ದ ಕಾಯ್ದೆ ಹಳೆಯ ದಾರಿಗಳ ದಾಖಲಾತಿಗೆ 2026ರ ಗಡುವು ಹಾಕಿತು. ಅದನ್ನು ಮುಂದೆ 2031ಕ್ಕೆ ತಳ್ಳಲಾಯಿತು. ಗಡುವನ್ನೇ ರದ್ದುಗೊಳಿಸುವುದಾಗಿ 2024ರ ಡಿಸೆಂಬರಿನಲ್ಲಿ ಸರ್ಕಾರ ಹೇಳಿತು. ಇದರ ನಡುವೆ ಸ್ವಯಂಸೇವಕರು ಹಳೆಯ ನಕ್ಷೆ, ಕಡತಗಳನ್ನು ತಡಕಿ ಕಾಣೆಯಾದ ದಾರಿಗಳನ್ನು ಹುಡುಕುತ್ತ ಹೋದರು.

ಗೆಳೆಯರೇ, ನಮ್ಮ ಗ್ರಾಮನಕಾಶೆಗಳಲ್ಲೂ ಚುಕ್ಕೆಗೆರೆಯ ದಾರಿಗಳಿವೆ. 'ನಕಾಶೆ ಕಂಡ ದಾರಿ' ಎಂಬ ಮಾತು ನಮಗೆ ಹೊಸದಲ್ಲ. ಶಾಲೆಗೆ ಹೋಗುವ ಒಳದಾರಿ, ಸಂಕ ದಾಟಿ ಕಾನಿನ ನಡುವೆ ದೇವರಬನಕ್ಕೆ ಹೋಗುವ ದಾರಿ, ತಡಮೆ ದಾಟಿ ಪಕ್ಕದ ಊರು ಸೇರುವ ದಾರಿ, ಇವುಗಳಲ್ಲಿ ಎಷ್ಟು ಇಂದು ತಂತಿಬೇಲಿಯ ಹಿಂದಿವೆ? ವಾಹನ ಬಂದಮೇಲೆ ನಾವೇ ಬಿಟ್ಟುಕೊಟ್ಟವು ಎಷ್ಟು? ಜನ ನಡೆಯದ ದಾರಿಯನ್ನು ಪೊದೆ ಮುಚ್ಚುತ್ತದೆ. ದಾರಿ ಮುಚ್ಚಿದ ಕಾಡಿನ ಒಳಗೆ ಏನು ನಡೆಯುತ್ತಿದೆ ಎಂಬುದು ಊರಿಗೆ ತಿಳಿಯುವುದೇ ಇಲ್ಲ.

ಆದ್ದರಿಂದ ನನ್ನ ವಿನಂತಿ ಸರಳವಾದದ್ದು. ಪ್ರತಿಯೊಬ್ಬರೂ ತಮ್ಮ ಊರಿನ ಗ್ರಾಮನಕಾಶೆಯ ಪ್ರತಿಯೊಂದನ್ನು ಪಡೆದುಕೊಳ್ಳಿ. ಅದರಲ್ಲಿ ಕಾಣುವ ಕಾಲುದಾರಿಗಳನ್ನು ಊರಿನ ಹಿರಿಯರನ್ನೂ ಶಾಲೆಯ ಮಕ್ಕಳನ್ನೂ ಕೂಡಿಕೊಂಡು ಒಮ್ಮೆ ನಡೆಯಿರಿ. ಎಲ್ಲಿ ತಡೆಯಾಗಿದೆ, ಯಾವ ಮರಗಳಿವೆ, ಯಾವ ಝರಿ ಬತ್ತಿದೆ ಎಂದು ಬರೆದಿಡಿ. ನಕಾಶೆಯಲ್ಲಿಲ್ಲದೆ ಬಳಕೆಯಲ್ಲಿ ಮಾತ್ರ ಇರುವ ದಾರಿಗಳನ್ನೂ ಗುರುತಿಸಿ, ಗ್ರಾಮಸಭೆಯ ಮುಂದಿಡಿ. ವರ್ಷಕ್ಕೊಮ್ಮೆಯಾದರೂ ಅದೇ ದಾರಿಯನ್ನು ಮತ್ತೆ ನಡೆಯಿರಿ. ಮಳೆಗಾಲ ಕಳೆದ ಮೇಲಿನ ದಿನಗಳು ಇದಕ್ಕೆ ಪ್ರಶಸ್ತ.