ಕಿಟೆಲ್ಲರ ಹೊತ್ತು

ಧಾರವಾಡದ ಕಿಟೆಲ್ ಕಾಲೇಜಿನ ಮುಂದೆ ದಿನಾ ಗಡಿಬಿಡಿಯಲ್ಲಿ ಹಾಯುವವರು ನಾವು. ಆ ಹೆಸರಿನ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಶನ್ ಪಾದ್ರಿಯಾಗಿ ಈ ನಾಡಿಗೆ ಬಂದಾಗ ಇಪ್ಪತ್ತೊಂದರ ಹರೆಯ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಸುಮಾರು 70,000 ಶಬ್ದ! ಅರ್ಥ ಬರೆದು ಕೈಬಿಡಲಿಲ್ಲ. ಕಾವ್ಯದಲ್ಲಿ ಶಬ್ದದ ಬಳಕೆ, ಜನರ ಬಾಯಲ್ಲಿನ ಗಾದೆ, ತಮಿಳು–ತೆಲುಗಿನ ನಂಟು, ಎಲ್ಲ ಹುಡುಕಿದರು.

ಈ ಪಾದ್ರಿ ನಂಬಿದ ಬೈಬಲ್ಲಿನ ತೊಂಬತ್ತನೆಯ ಕೀರ್ತನೆ, ಆಯುಷ್ಯದ ಲೆಕ್ಕ ತಿಳಿಯುವ ಬುದ್ಧಿಯನ್ನು ದೇವರಲ್ಲಿ ಬೇಡುತ್ತದೆ. ಹೊತ್ತು ಕೊಟ್ಟವನು ಅವನು, ನಾವು ಬರೀ ಉಸ್ತುವಾರಿಯವರು ಎಂಬುದು ಕ್ರೈಸ್ತರ ನಂಬಿಕೆ. ಹಾಗೆ ನಂಬಿದವನಿಗೆ, ಈ ನಾಡಿಗೆ ಬಂದಂದಿನಿಂದ ನಿಘಂಟು ಹೊರಬರುವವರೆಗಿನ ನಾಲ್ಕು ದಶಕ ತಡವೆನಿಸಲಿಕ್ಕಿಲ್ಲ. ನಮಗೋ, ಮುಂಜಾನೆ ಎದ್ದ ಕೂಡಲೆ ಮೊಬೈಲ್ ತಿಕ್ಕುತ್ತ ಅರ್ಧ ತಾಸು ಹೋಗುತ್ತದೆ. ಅಷ್ಟರಲ್ಲಿ ಕಿಟೆಲ್ಲರು ಒಂದು ಶಬ್ದದ ಬೇರನ್ನಾದರೂ ಹಿಡಿದಿರುತ್ತಿದ್ದರು.