ಮುಳುಗಡೆಯ ಲೆಕ್ಕಕ್ಕೆ ಸಿಗದ ಕಟ್ಟೆ



ನಮ್ಮ ಮಲೆನಾಡಿನಲ್ಲಿ ಮನೆಗಳು ಗುಡ್ಡಕ್ಕೊಂದರಂತೆ ಚದುರಿಕೊಂಡಿವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಹಾಗಲ್ಲ. ಅಲ್ಲಿ ಹಳ್ಳಿಯ ಮನೆಗಳು ಗೋಡೆಗೆ ಗೋಡೆ ಹಚ್ಚಿ ನಿಂತಿರುತ್ತವೆ. ಊರ ಬಾಗಿಲಾದ ಅಗಸಿ, ಮರದ ಬುಡದ ಕಟ್ಟೆ, ಗುಡಿಯ ಮುಂದಿನ ಬಯಲು, ಇವೇ ಜನ ಕೂಡುವ ತಾಣಗಳು. ಮಳೆ-ಬೆಳೆಯ ಮಾತು, ಕಬ್ಬಿನ ದರದ ತಕರಾರು, ನೇಕಾರರ ಕೂಲಿಯ ಪ್ರಶ್ನೆ ಎಲ್ಲವೂ ಅಲ್ಲಿಗೆ ಬರುತ್ತವೆ. ಶ್ರೀಕೃಷ್ಣ ಪಾರಿಜಾತದ ಆಟವನ್ನು ಆ ಸೀಮೆಯ ಜನ ರಾತ್ರಿಯಿಡೀ ನೋಡಿದ್ದೂ ಇಂಥ ಬಯಲಿನಲ್ಲಿಯೇ. ಆದರೆ ಆ ಕಟ್ಟೆಯ ಮೇಲೆ ಹೆಣ್ಣುಮಕ್ಕಳಿಗೂ ದಲಿತರಿಗೂ ಬಹುಕಾಲ ಸ್ಥಳವಿರಲಿಲ್ಲ. ಅದನ್ನು ಮರೆತು ಬರಿದೆ ಹೊಗಳುವುದು ಸಲ್ಲದು.

1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಬಳಿ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. 'ಶ್ರಮಬಿಂದು ಸಾಗರ'ವೆಂದು ಅದಕ್ಕೆ ಹೆಸರು. ಹೊಲಕ್ಕೆ ನೀರು ಬರುವ ಮೊದಲೇ ರೈತನ ಜೇಬಿನಿಂದ ಹಣ ಹೊರಬರಬೇಕಾದರೆ, ಅದೆಷ್ಟು ಸಂಜೆಗಳ ಮಾತುಕತೆ ಬೇಕಾದೀತು!

ಅದೇ ಕೃಷ್ಣೆ ಆಲಮಟ್ಟಿಯಲ್ಲಿ 519.60 ಮೀಟರಿಗೆ ನಿಂತಾಗ ಬೀಳಗಿ ಸೀಮೆಯ ಅನೇಕ ಹಳ್ಳಿಗಳೂ ಹಳೆಯ ಬಾಗಲಕೋಟೆಯ ಭಾಗವೂ ನೀರಿನಡಿ ಹೋದವು. ಪುನರ್ವಸತಿ ಕೇಂದ್ರಗಳಲ್ಲಿ ನೇರ ರಸ್ತೆ, ಅಳತೆಯ ನಿವೇಶನ, ಶಾಲೆ ಬಂದವು. ಅಗಸಿ ಮಾತ್ರ ಯಾವ ನಕ್ಷೆಯಲ್ಲಿ ಬಂದೀತು? ಎದುರು ಬದುರು ಕುಳಿತವರು ಬೇರೆ ಬೇರೆ ಸಾಲಿನ ನಿವಾಸಿಗಳಾದರೆ ಕಟ್ಟೆಯ ಮಾತು ಅಲ್ಲಿಗೇ ಕಡಿಯುತ್ತದೆ. ಶರಾವತಿಯ ಮುಳುಗಡೆಯನ್ನು ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟವು ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ನಿಗದಿಪಡಿಸಿತು. ಭೂಮಿ ಕಳೆದುಕೊಳ್ಳುವವರಿಗೆ ಇದು ಸಣ್ಣ ಸಂಗತಿಯಲ್ಲ; ನ್ಯಾಯವಾದ ಬೆಲೆ ಸಿಗಲೇಬೇಕು. ಆದರೆ ಸಂಜೆ ಕೂಡುವ ರೂಢಿಗೆ ಎಕರೆಯ ಲೆಕ್ಕವಿಲ್ಲ. ಹೊಸ ಊರಿನ ನಕ್ಷೆ ಬರೆಯುವ ಮೊದಲು ಹಳೆಯ ಓಣಿಯವರನ್ನು ಒಟ್ಟಿಗೆ ಕೂರಿಸಿ ಕೇಳಬೇಕು: ಯಾರ ಪಕ್ಕ ಯಾರು, ಬಯಲು ಎಲ್ಲಿ, ಕಟ್ಟೆ ಎಲ್ಲಿ? ಈ ಸಲ ಹೆಣ್ಣುಮಕ್ಕಳೂ ದಲಿತರೂ ಆ ಮಾತಿನಲ್ಲಿ ಮೊದಲಿಂದಲೇ ಇರಬೇಕು. ಸ್ಥಳ ಗೊತ್ತಾದ ಮಳೆಗಾಲದಲ್ಲಿಯೇ ಅರಳಿ, ಬೇವು ನೆಡಬೇಕು. ಮನೆ ವರ್ಷದೊಳಗೆ ಏಳುತ್ತದೆ. ಬಾಗಲಕೋಟೆಯ ಬಿಸಿಲಿಗೆ ಊರಮಂದಿಯನ್ನು ಕೂರಿಸುವಷ್ಟು ನೆರಳಾಗಲು ಅರಳಿಗೆ ಎರಡು ದಶಕ ಬೇಕು.